ಜಟ್ಟೆಪ್ಪನ ಹೆಬ್ಬೆಟ್ಟು

ಸತ್ತ ಗಂಡನ ಫೋನು ಟಿಣ್ ಅಂದಾಗಲೆಲ್ಲ ದಾನಮ್ಮ ಅವನ ಫೋಟೋದ ಮುಂದೆ ಒಂದು ತುತ್ತು ಇಡುತ್ತಿದ್ದಳು. ತುತ್ತಿನ ಪಕ್ಕ ಒಂದು ಲೋಟ ನೀರು. ತುತ್ತು ಮರೆತರೂ ನೀರು ಮರೆಯುತ್ತಿರಲಿಲ್ಲ.

ಕಲ್ಯಾಣದ ಪತ್ರಿಪೂಲ ಸೇತುವೆಯ ಆಚೆ ಅವರ ಚಾಳು. ಒಂದೇ ಕೋಣೆ. ದೇವರ ಜಗಲಿ ಅಂದರೆ ಗೋಡೆಗೆ ಹೊಡೆದ ಒಂದು ಹಲಗೆ. ಅದರ ಮೇಲೆ ಎಲ್ಲಮ್ಮನ ಪಟ, ಪಕ್ಕಕ್ಕೆ ಜಟ್ಟೆಪ್ಪನ ಫೋಟೋ, ಫೋಟೋದ ಮುಂದೆ ಅವನ ಫೋನು. ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡುವುದು ಸಿಂದಗಿ ಕಡೆಯ ಅವರ ಮನೆತನದ ಪದ್ಧತಿ. ಮಾವನಿಗೆ ಬೀಡಿ ಇಡುತ್ತಿದ್ದರು, ಅತ್ತೆಗೆ ಎಲೆ ಅಡಿಕೆ. ಜಟ್ಟೆಪ್ಪ ಬೀಡಿ ಸೇದಿದವನಲ್ಲ, ಎಲೆ ಹಾಕಿದವನಲ್ಲ. ಹೊಟ್ಟೆ ಬಟ್ಟೆ ಕಟ್ಟಿ ಫೋನು ತೆಗೆದುಕೊಂಡಿದ್ದ. ಹಾಗಾಗಿ ದಾನಮ್ಮ ಫೋನನ್ನೇ ಎಡೆ ಇಟ್ಟಳು. ಆರಿದ ಫೋನು ಇಟ್ಟು ಏನು ಉಪಯೋಗ? ಅದಕ್ಕೆ ಹಗಲೂ ರಾತ್ರಿ ಚಾರ್ಜರ್ ಹಾಕಿಯೇ ಇರುತ್ತಿದ್ದಳು. ಹಳೆಯ ಬ್ಯಾಟರಿ. ವೈರು ಕಿತ್ತರೆ ತಾಸು ಎರಡು ತಾಸಿಗೆ ಆರಿಬಿಡುತ್ತಿತ್ತು. ಕರೆಂಟು ಹೋದರೆ ಅವಳ ಜೀವ ಬಾಯಿಗೆ ಬರುತ್ತಿತ್ತು.

ಅವಳಿಗೆ ಹುಚ್ಚು ಹಿಡಿದಿರಲಿಲ್ಲ. ಸೀವುಡ್ಸ್‌ನ ಎತ್ತರದ ಕಟ್ಟಡಗಳಲ್ಲಿ ದಿನವಿಡೀ ತಲೆಯ ಮೇಲೆ ಕಾಂಕ್ರೀಟಿನ ಬಾಣಲಿ, ಘಮೇಲಾ, ಹೊರುವವಳಿಗೆ ಹುಚ್ಚು ಹಿಡಿಯಲು ಪುರುಸೊತ್ತು ಎಲ್ಲಿದೆ? ಅವಳ ನೆತ್ತಿಯ ಮೇಲೆ ಸಿಂಬಿ ಕೂರುವ ಜಾಗದಲ್ಲಿ ಕೂದಲು ಉದುರಿ ಅಂಗೈಯಷ್ಟು ಬೋಳಾಗಿತ್ತು. ಕತ್ತು ತಿರುಗಿಸಿದರೆ ಲಟಲಟ ಅನ್ನುತ್ತಿತ್ತು. ಸಿಮೆಂಟಿಗೆ ಬೆರಳ ಸಂದುಗಳು ಬಿರಿದು ರೊಟ್ಟಿ ತಟ್ಟುವಾಗ ಹಿಟ್ಟಿನಲ್ಲಿ ರಕ್ತದ ಗೆರೆ ಕಾಣುತ್ತಿತ್ತು. ಅವಳಿಗೆ ಎಲ್ಲವೂ ಗೊತ್ತಿತ್ತು. ಜಟ್ಟೆಪ್ಪ ಸತ್ತದ್ದೂ ಗೊತ್ತಿತ್ತು. ಆದರೆ ಅವನಿಗೆ ಅದು ಗೊತ್ತೋ ಇಲ್ಲವೋ ಅನ್ನುವುದೇ ಅವಳ ಸಂಶಯ.

ಆ ಸಂಶಯಕ್ಕೆ ಕಾರಣವಿತ್ತು. ಅವರಲ್ಲಿ ಯಾರಾದರೂ ಸತ್ತರೆ ಹೆಂಗಸರು ತಲೆ ಬಿಚ್ಚಿ ಹೆಣದ ಸುತ್ತ ಕೂತು ಹಾಡಿ ಅಳುತ್ತಾರೆ. ಹೆಸರು ಹಿಡಿದು ಕರೆಯುತ್ತಾರೆ. ಹೇಗೆ ಬದುಕಿದ, ಹೇಗೆ ಸತ್ತ, ಯಾರು ಕೊಂದರು, ಯಾರನ್ನು ಬಿಟ್ಟುಹೋದ, ಎಲ್ಲವೂ ಆ ಅಳುವಿನಲ್ಲಿ ಬರುತ್ತದೆ. ಹಾಗೆ ಅಳದಿದ್ದರೆ ಸತ್ತವನಿಗೆ ತಾನು ಸತ್ತದ್ದು ತಿಳಿಯುವುದಿಲ್ಲ, ಹೊಸ್ತಿಲಲ್ಲೇ ನಿಂತಿರುತ್ತಾನೆ ಎಂದು ಅವಳ ಅತ್ತೆ ಹೇಳುತ್ತಿದ್ದಳು.

ಜಟ್ಟೆಪ್ಪನಿಗೆ ಯಾರೂ ಅಳಲಿಲ್ಲ. ಅಳಬೇಡ ಎಂದಿದ್ದರು.

ಹೇಳಿದವನು ಕೌಶಲ್. ಉಡುಪಿ ಕಡೆಯವನು, ಡೊಂಬಿವಲಿಯಲ್ಲಿ ಸ್ವಂತ ಫ್ಲ್ಯಾಟು, ಆಮದಾರ ಸಾಹೇಬರ ಬಲಗೈ. ಆಮದಾರ ಅಂದರೆ ಆ ಭಾಗದ ಶಾಸಕ. ಚಾಳಿಗೆ ಬಂದಾಗಲೆಲ್ಲ ಕೌಶಲ್ ಕನ್ನಡದಲ್ಲೇ ಮಾತಾಡುತ್ತಿದ್ದ. ಅಷ್ಟಕ್ಕೇ ಚಾಳಿನವರು ಕರಗಿ ನೀರಾಗುತ್ತಿದ್ದರು. ಭಿವಂಡಿಯ ಗೋದಾಮುಗಳಲ್ಲಿ ಹಮಾಲಿ ಮಾಡುತ್ತಿದ್ದ ಜಟ್ಟೆಪ್ಪ ಚುನಾವಣೆಯಲ್ಲಿ ಸಾಹೇಬರ ಬಾವುಟ ಹೊತ್ತಿದ್ದ. ಆಮೇಲೆ ಒಂದು ದಿನ ಕೌಶಲ್ ಬಂದು ಅವನ ಆಧಾರ್ ಕಾರ್ಡು ಇಸಿದುಕೊಂಡ. ಪ್ಯಾನ್ ಕಾರ್ಡು ಮಾಡಿಸಿದ. ಫೋನಿಗೆ ಏನೋ ಹಾಕಿಕೊಟ್ಟ. ಬಡವರಿಗೊಂದು ಯೋಜನೆ ಬರ್ತದೆ, ಖಾತೆ ಇರಲಿ ಅಂದ. ಅಂದಿನಿಂದ ಆಗಾಗ ಫೋನು ಮಾಡಿ "ಜಟ್ಟೆಪ್ಪಣ್ಣ, ಒತ್ತು ಮಾರಾಯ" ಅನ್ನುತ್ತಿದ್ದ. ಜಟ್ಟೆಪ್ಪ ಚೀಲ ಇಳಿಸಿ, ಹೆಬ್ಬೆಟ್ಟನ್ನು ಅಂಗಿಗೆ ಒರೆಸಿ, ಫೋನಿನ ಮೇಲೆ ಒತ್ತುತ್ತಿದ್ದ.

"ಸಾಹೇಬ್ರಿಗೆ ನನ್ನ ಹೆಬ್ಬಟ್ಟಿಲೆ ಕೆಲಸ ಬಿದ್ದೈತಿ ನೋಡು" ಎಂದು ಹೆಂಡತಿಯ ಮುಂದೆ ಬೀಗುತ್ತಿದ್ದ. ದಾನಮ್ಮನೂ ನಗುತ್ತಿದ್ದಳು.

ಕಳೆದ ವರ್ಷದ ಬೇಸಿಗೆಯಲ್ಲಿ ಮಾಳಿಗೆ ಬಿತ್ತು. ನಂದಗಿರಿ ಗೋದಾಮ್ ಕಂಪನಿಯ ಹೊಸ ಗೋದಾಮು ಅದು. ಮೇಲಿನ ಮಾಳಿಗೆಯ ಕಾಂಕ್ರೀಟು ಇನ್ನೂ ಹಸಿ ಇತ್ತು. ಹಸಿ ಮಾಳಿಗೆಯ ಮೇಲೆ ಸಾಮಾನು ಒಟ್ಟಿ ಎಂದರು. ಒಟ್ಟಿದರು. ಆಗ ದಾನಮ್ಮನಿಗೂ ಅಲ್ಲೇ ಕೆಲಸ, ಪಕ್ಕದ ಶೆಡ್ಡಿನಲ್ಲಿ ಘಮೇಲಾ ಹೊರುತ್ತಿದ್ದಳು. ಸದ್ದು ಕೇಳಿ ಓಡಿದಳು. ಧೂಳು ಇಳಿದಾಗ ಜಟ್ಟೆಪ್ಪ ಕಂಡ. ಸೊಂಟದಿಂದ ಕೆಳಗೆ ಕಲ್ಲಿನಡಿ ಸಿಕ್ಕಿದ್ದ. ಒಂದು ಕೈ ಹೊರಗಿತ್ತು. ಬಾಯಿ ಆಡುತ್ತಿತ್ತು.

"ನೀರು" ಅಂದ.

ಅವಳು ನೀರಿಗೆ ಓಡಿದಳು. ಬಾಟಲಿ ತುಂಬಿಕೊಂಡು ಬಂದಾಗ ಕಾವಲಿನವರು ಹಗ್ಗ ಕಟ್ಟಿ ನಿಂತಿದ್ದರು. "ಪೀಛೆ ಹಟೋ", ಹಿಂದೆ ಸರಿ ಅಂದರು. ಅವಳು ಬೇಡಿಕೊಂಡಳು. ಒಬ್ಬ ಎದೆಗೆ ಕೈಯಿಟ್ಟು ತಳ್ಳಿದ. ಕ್ರೇನು ಆಗಲೇ ಬಂದು ಗೇಟಿನಲ್ಲಿ ನಿಂತಿತ್ತು. ಅದರ ಎಂಜಿನ್ ಆರಿಸಿದ್ದರು. ಆರ್ಡರ್ ಬರಬೇಕು ಅಂದರು. ಪೊಲೀಸರಿಲ್ಲ, ಡಾಕ್ಟರಿಲ್ಲ. ಆದರೆ ಕೌಶಲ್ ಬಂದ! ಬಿಳಿ ಅಂಗಿ, ಬಿಳಿ ಬೂಟು. ಆ ಧೂಳಿನಲ್ಲಿ ಮೊಣಕಾಲೂರಿ ಜಟ್ಟೆಪ್ಪನ ಪಕ್ಕ ಕೂತ. ಅವನ ಕೈ ಹಿಡಿದುಕೊಂಡ. ಹಗ್ಗದ ಈಚೆ ಬಾಟಲಿ ಹಿಡಿದು ನಿಂತ ದಾನಮ್ಮ ಅದನ್ನು ಕಂಡಳು. ನಾಡಿ ನೋಡುತ್ತಿದ್ದಾನೆ, ಯಾರ ಮಗನೋ ಪುಣ್ಯಾತ್ಮ, ಅವನ ಹೊಟ್ಟೆ ತಣ್ಣಗಿರಲಿ ಅಂದುಕೊಂಡಳು. ಬಹಳ ಹೊತ್ತು ಹಾಗೇ ಕೂತಿದ್ದ ಅವನು. ಆಮೇಲೆ ಎದ್ದು ಕರವಸ್ತ್ರದಿಂದ ಕೈ ಒರೆಸಿಕೊಂಡ. ಫೋನಿನಲ್ಲಿ ಯಾರಿಗೋ ಏನೋ ಹೇಳಿದ. ಕ್ರೇನಿನ ಎಂಜಿನ್ ಶುರುವಾಯಿತು.

ಹೊರಗೆ ಎಳೆದಾಗ ಜಟ್ಟೆಪ್ಪ ಹೆಣ.

ಸಂಜೆಗೆ ಟೀವಿಯವರು ಬಂದರು. ಇಬ್ಬರು ಸತ್ತರು ಎಂದು ಹೇಳಿದರು. ಜಟ್ಟೆಪ್ಪ ಮೂರನೆಯವನು. ಅಷ್ಟು ಹೊತ್ತಿಗೆ ಅವನು ಕಂಪನಿಯ ಟೆಂಪೋದಲ್ಲಿ ಮಂಜುಗಡ್ಡೆಯ ನಡುವೆ ಮಲಗಿ ಸೊಲ್ಲಾಪುರದ ದಾರಿ ಹಿಡಿದಿದ್ದ.

"ಇಲ್ಲಿ ಇಟ್ರೆ ಕೊಯ್ದು ಹಾಳು ಮಾಡ್ತಾರೆ ದಾನಮ್ಮಕ್ಕ. ಊರಲ್ಲಿ ಮರ್ಯಾದೆಯಲ್ಲಿ ಮಣ್ಣು ಮಾಡಿ" ಎಂದಿದ್ದ ಕೌಶಲ್. "ಪರಿಹಾರ ಸಾಹೇಬ್ರೇ ಮಾಡಿಸಿ ಕೊಡ್ತಾರೆ. ಫೈಲು ನಾನು ನೋಡಿಕೊಳ್ತೇನೆ. ಆದ್ರೆ ಗಲಾಟೆ ಬೇಡ. ಅಳುದು, ಬೊಬ್ಬೆ ಹೊಡೆಯುದು ಎಂಥದೂ ಬೇಡ. ಬಳೆ ತೆಗೀಬೇಡಿ. ಗಂಡ ಊರಲ್ಲಿದ್ದಾನೆ ಹೇಳಿ. ಫೈಲು ಆಗುವ ತನಕ ಮಾತ್ರ."

ಊರಿನಲ್ಲಿ ಕಂಪನಿಯ ಇಬ್ಬರು ಆಳುಗಳು ಕುಣಿಯ ಪಕ್ಕ ನಿಂತೇ ಇದ್ದರು. ದಾನಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮಗಳು ಜ್ಯೋತಿ ಅವಳ ತೋಳು ಹಿಡಿದಿದ್ದಳು. ಮಣ್ಣು ಬಿದ್ದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಕಲ್ಯಾಣಕ್ಕೆ ವಾಪಸು ಬಂದ ಮೇಲೆ ಕೌಶಲ್ ಜಟ್ಟೆಪ್ಪನ ಫೋನು ತಂದುಕೊಟ್ಟ. ಅದರ ಮುಖದ ಮೇಲೆ ಆಗಾಗ ನಂಬರು ಬೀಳುತ್ತದೆ, ಅದನ್ನು ಓದಿ ಹೇಳಿದರೆ ಪರಿಹಾರದ ಫೈಲು ಮುಂದೆ ಹೋಗುತ್ತದೆ ಅಂದ. ಹೆಬ್ಬೆಟ್ಟು ಬೇಕಾಗದ ಹಾಗೆ, ಫೋನು ತೆರೆಯದೆಯೇ ನಂಬರು ಕಾಣುವ ಹಾಗೆ ಅವನೇ ಮಾಡಿದ್ದ. ದಾನಮ್ಮನಿಗೆ ಅಕ್ಷರ ಬಾರದು, ಅಂಕಿ ಬರುತ್ತಿತ್ತು. ಜ್ಯೋತಿ ಠಾಣೆಯ ಮಾಲ್ ಒಂದರಲ್ಲಿ ಬಿಲ್ಲು ಮಾಡುವ ಹುಡುಗಿ, ಹನ್ನೆರಡನೆಯ ತರಗತಿ ಓದಿದವಳು. ಅವಳೂ ನಂಬಿದಳು. ಗ್ಯಾಸಿಗೆ ನಂಬರು ಬರುತ್ತದೆ, ರೇಶನ್ನಿಗೆ ನಂಬರು ಬರುತ್ತದೆ, ಹೆಣಕ್ಕೂ ಬರಬಹುದು ಅಂದುಕೊಂಡಳು.

ನಂಬರಿನ ದಿನ ಎಂದು ಕೌಶಲ್ ಮುಂಚೆಯೇ ಹೇಳುತ್ತಿದ್ದ. ಆ ದಿನ ದಾನಮ್ಮ ಕೂಲಿ ಬಿಡುತ್ತಿದ್ದಳು. ಮನೆ ಸಾರಿಸುತ್ತಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಯ ಮಾಡುತ್ತಿದ್ದಳು. ಮಟಮಟ ಮಧ್ಯಾಹ್ನ ಫೋನು ಟಿಣ್ ಅನ್ನುತ್ತಿತ್ತು. ಖಾಲಿ ಕೋಣೆಯಲ್ಲಿ ಆ ಸದ್ದಿಗೆ ಅವಳ ಮೈಯ ಕೂದಲು ನಿಮಿರುತ್ತಿತ್ತು. ತನ್ನ ಸಣ್ಣ ಫೋನಿನಲ್ಲಿ ಕೌಶಲ್‌ಗೆ ನಂಬರು ಓದಿ ಹೇಳಿ, ತುತ್ತು ಇಟ್ಟು, ನೀರು ಇಟ್ಟು, ಗೋಡೆಗೆ ಒರಗಿ ಕೂರುತ್ತಿದ್ದಳು. ಯಾರೋ ಕೋಣೆಯಲ್ಲಿ ಇದ್ದಾರೆ ಅನ್ನಿಸುತ್ತಿತ್ತು. ಬೆವರಿನ, ಗೋಣಿಚೀಲದ ವಾಸನೆ ಬರುತ್ತಿತ್ತು. ಒಮ್ಮೆ ಲೋಟದ ನೀರು ಕಡಿಮೆಯಾದ ಹಾಗೆ ಕಂಡಿತು. ಅವಳು ಅದನ್ನು ಯಾರಿಗೂ ಹೇಳಲಿಲ್ಲ.

ತಿಂಗಳಿಗೊಮ್ಮೆ ಕೌಶಲ್ ಆ ಫೋನಿಗೆ ರೀಚಾರ್ಜ್ ಮಾಡಿಸುತ್ತಿದ್ದ. ದೀಪಾವಳಿಗೆ ಮಿಠಾಯಿ ತಂದ. ಪರಿಹಾರ ಮಾತ್ರ ಬರಲಿಲ್ಲ. ಅವಳು ತಾನೇ ಮಹಾನಗರಪಾಲಿಕೆಯ ವಾರ್ಡ್ ಆಫೀಸಿಗೆ ಹೋಗಿ ಗಂಡನ ಮರಣದ ದಾಖಲೆ ಕೇಳಿದಳು. ಯಾವ ಆಸ್ಪತ್ರೆ ಅಂದರು. ಆಸ್ಪತ್ರೆ ಇಲ್ಲ. ಯಾವ ಸ್ಮಶಾನ ಅಂದರು. ಊರಿನ ಹೊಲ. "ಹಾಗಾದರೆ ಊರಲ್ಲೇ ಕೇಳು." ಊರಿನ ಪಂಚಾಯಿತಿಯವರು, ಸತ್ತಿದ್ದು ಎಲ್ಲಿ, ಅಲ್ಲೇ ಬರೆಸಬೇಕು ಅಂದರು. ಮತ್ತೆ ವಾರ್ಡ್ ಆಫೀಸು. ಕಿಟಕಿಯ ಒಳಗಿದ್ದವನು ಅವಳ ಕೈಯ ಹಸಿರು ಬಳೆ ನೋಡಿದ. ಪಕ್ಕದವನ ಕಡೆ ತಿರುಗಿ, "ಗಂಡ ಯಾವಳ ಜೊತೆಗೋ ಓಡಿಹೋಗಿದ್ದಾನೆ, ಇವಳು ಅವನನ್ನು ಕೊಲ್ಲಲು ಇಲ್ಲಿಗೆ ಬಂದಿದ್ದಾಳೆ" ಅಂದ. ಇಬ್ಬರೂ ನಕ್ಕರು. ಸಾಲಿನಲ್ಲಿದ್ದವರೂ ನಕ್ಕರು. ಅವಳು ತಲೆ ತಗ್ಗಿಸಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು.

ಚಾಳಿನಲ್ಲೂ ಅದೇ. ಪಕ್ಕದ ಮನೆಯ ಮರಗಮ್ಮ ರಾಯಚೂರು ಕಡೆಯವಳು, ಬಾಯಿಗೆ ಬೀಗವಿಲ್ಲದವಳು.

"ಏನ ದಾನಮ್ಮಾ, ಗಂಡ ಊರಾಗ ಅದಾನಂತಿ, ಹಬ್ಬಕ್ಕೂ ಬರಲಿಲ್ಲ. ನಿನ್ನ ಬಳಿ ಮಾತ್ರ ಹಸರಾಗೇ ಅದಾವಲ್ಲ!"

ದಾನಮ್ಮ ಕೊಡ ಎತ್ತಿಕೊಂಡು ನಲ್ಲಿಯಿಂದ ಬಂದುಬಿಟ್ಟಳು.

ಹೀಗಿರುವಾಗ ಒಂದು ಭಾನುವಾರ ಒಬ್ಬ ಹೆಂಗಸು ಬಾಗಿಲಿಗೆ ಬಂದಳು. ಮೂವತ್ತು ದಾಟಿದ ವಯಸ್ಸು, ಹತ್ತಿಯ ಕುರ್ತಾ, ಹೆಗಲಿಗೆ ಚೀಲ. ಹೆಸರು ಅನಘ ಎಂದಳು. ಷೇರು ವ್ಯಾಪಾರದ ಮೇಲೆ ಕಣ್ಣಿಡುವ ಸರ್ಕಾರಿ ಕಚೇರಿಯಿಂದ ಬಂದಿದ್ದೇನೆ ಎಂದಳು. ಕೋಣೆಯನ್ನೊಮ್ಮೆ ನೋಡಿದಳು. ಹಲಗೆ, ಗ್ಯಾಸು, ಮಡಚಿಟ್ಟ ಹಾಸಿಗೆ. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಇಂಥ ಕೋಣೆಗಳನ್ನು ಬೇರೆ ಕಡೆಯೂ ನೋಡಿ ಬಂದಂತಿತ್ತು.

"ಜಟ್ಟೆಪ್ಪ ಎಲ್ಲಿದ್ದಾರೆ?" ಎಂದು ಹಿಂದಿಯಲ್ಲಿ ಕೇಳಿದಳು. "ಎಷ್ಟು ಸಲ ಕರೆದರೂ ಬರಲಿಲ್ಲ."

"ಊರಾಗ ಅದಾರ್ರಿ" ಎಂದಳು ದಾನಮ್ಮ, ತನ್ನ ಹರಕು ಹಿಂದಿಯಲ್ಲಿ. ಅದು ಬಾಯಿಪಾಠವಾಗಿತ್ತು. ಆಮೇಲೆ ಕೇಳಿದಳು, "ಯಾಕ್ರಿ?"

"ಅವರ ಹೆಸರಲ್ಲಿ ನಂದಗಿರಿ ಕಂಪನಿಯ ಷೇರು ಇವೆ. ಬಹಳ ಇವೆ. ಒಂದು ಕಂಪನಿಯ ಸುದ್ದಿ ಊರಿಗೆಲ್ಲ ತಿಳಿಯುವ ಮೊದಲೇ ತನಗೆ ತಿಳಿದಿದ್ದರೆ, ಅಂಥವರು ಆ ಷೇರು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಅದು ಕಾನೂನು. ನಿಮ್ಮ ಯಜಮಾನರು ಎರಡೂ ಮಾಡಿದ್ದಾರೆ. ಸರ್ಕಾರ ಕಂಪನಿಗೆ ಜಾಗ ಕೊಡುವ ಮೊದಲು ಕೊಂಡಿದ್ದಾರೆ. ಗೋದಾಮಿನ ಮಾಳಿಗೆ ಬಿದ್ದ ಸುದ್ದಿ ಹೊರಗೆ ಬರುವ ಮೊದಲು ಎಲ್ಲ ಮಾರಿದ್ದಾರೆ. ಬೆಲೆ ಇಳಿದ ಮೇಲೆ ಮತ್ತೆ ಅದನ್ನೇ ಕೊಂಡಿದ್ದಾರೆ. ನನಗೆ ಬೇಕಾದ್ದು ಇಷ್ಟೇ. ಮಾಳಿಗೆ ಬಿದ್ದದ್ದು ಅವರಿಗೆ ಅಷ್ಟು ಬೇಗ ಹೇಗೆ ಗೊತ್ತಾಯಿತು?"

ದಾನಮ್ಮನಿಗೆ ನಗು ಬಂತು. ಕೆಟ್ಟ ನಗು. ಜ್ಯೋತಿ ಹೆದರಿ ಅವ್ವನ ಮುಖ ನೋಡಿದಳು.

"ಹೆಂಗ ಗೊತ್ತಾತು ಅಂತಾಳಲ್ಲೇ ಜ್ಯೋತಿ! ಮಾಳಿಗಿ ಅವನ ಮ್ಯಾಲೇ ಬಿದ್ದಿತ್ತು ಅಂತ ಹೇಳ!"

ಜ್ಯೋತಿ ಅದನ್ನು ಹಿಂದಿಯಲ್ಲಿ ಹೇಳಬೇಕಾಯಿತು. ಒಂದು ವರ್ಷ ಯಾರ ಮುಂದೆಯೂ ಹೇಳದ ಮಾತು ಅದು. ಅನಘಳ ಮುಖದ ಬಣ್ಣ ಬದಲಾಗಿತ್ತು.

"ಮಾರಿದ್ದು ಯಾವಾಗ್ರಿ?" ದಾನಮ್ಮ ಮತ್ತೆ ಹಿಂದಿಯಲ್ಲಿ ಕೇಳಿದಳು.

"ಮಾಳಿಗೆ ಬಿದ್ದ ಮೇಲೆ. ಸುದ್ದಿ ಹೊರಬರುವ ಮೊದಲು. ಅವರದೇ ಫೋನಿನಿಂದ, ಅವರದೇ ಹೆಬ್ಬೆಟ್ಟು ಒತ್ತಿ."

ದಾನಮ್ಮನ ಕಣ್ಣು ಜಗಲಿಯ ಮೇಲಿನ ಫೋನಿನ ಮೇಲೆ ನಿಂತಿತು. ಬಿಳಿ ಅಂಗಿ, ಬಿಳಿ ಬೂಟು. ಧೂಳಿನಲ್ಲಿ ಮೊಣಕಾಲೂರಿ ಕೂತವನು. ಹಿಡಿದುಕೊಂಡ ಕೈ. ನಾಡಿಯಲ್ಲ. ನಾಡಿ ನೋಡುತ್ತಿರಲಿಲ್ಲ ಅವನು.

ಅನಘ ಇನ್ನೂ ಹೇಳುತ್ತಿದ್ದಳು. ಇಂಥ ಹಮಾಲರ ಹೆಸರು ಹತ್ತಾರಿವೆ. ಎಲ್ಲ ಹೆಸರುಗಳ ದಾರಿಯೂ ಆಮದಾರರ ಆಫೀಸಿನ ಬಾಗಿಲವರೆಗೆ ಹೋಗುತ್ತದೆ, ಒಳಗೆ ಹೋಗುವುದಿಲ್ಲ. ಫೋನುಗಳನ್ನು ಹಮಾಲರ ಮನೆಗಳಲ್ಲೇ ಇಟ್ಟಿರುತ್ತಾರೆ. ಆಮದಾರರು ಚುನಾವಣೆಗೆ ನಿಲ್ಲುವಾಗ ಆಸ್ತಿ ಬರೆದುಕೊಡುತ್ತಾರೆ, ತಮ್ಮದು, ಹೆಂಡತಿಯದು. ಹಮಾಲರ ಹೆಸರಲ್ಲಿರುವುದನ್ನು ಬರೆಯುವುದಿಲ್ಲ. ಕಂಪನಿಗೆ ಜಾಗ ಕೊಡುವ ಕಮಿಟಿಯಲ್ಲಿ ಕೂರುವವರೂ ಅವರೇ. ಆದರೆ ತನ್ನ ಕೈಗೆ ಸಿಗುವುದು ಜಟ್ಟೆಪ್ಪನ ಹೆಸರೊಂದೇ.

"ಅಂವ ಸತ್ತಾನ್ರಿ" ಎಂದಳು ದಾನಮ್ಮ.

"ಮರಣದ ದಾಖಲೆ ಇದೆಯಾ?"

ಇರಲಿಲ್ಲ.

"ಅದಿಲ್ಲದಿದ್ದರೆ ನಮ್ಮ ಪಾಲಿಗೆ ಅವರು ತಲೆಮರೆಸಿಕೊಂಡ ಆರೋಪಿ" ಎಂದಳು ಅನಘ. ಹೇಳಲು ಅವಳಿಗೇ ನಾಚಿಕೆಯಾದಂತಿತ್ತು. "ಸತ್ತಿದ್ದಾರೆ ಅಂತ ಗೊತ್ತಾಗಿದ್ದರೆ ಖಾತೆ ಅಂದೇ ನಿಂತುಹೋಗುತ್ತಿತ್ತು. ಅದಕ್ಕೇ ಅವರನ್ನು ಸಾಯಲು ಬಿಟ್ಟಿಲ್ಲ. ನೀವು ನಾಲ್ಕು ಜನರ ಮುಂದೆ ಹೇಳುವುದಾದರೆ ನನಗೆ ಒಂದು ಫೋನು ಮಾಡಿ, ಬರುತ್ತೇನೆ."

ಅವಳು ಹೋದ ಮೇಲೆ ದಾನಮ್ಮ ಅನ್ನಕ್ಕೆ ಕೈ ಹಾಕಲಿಲ್ಲ. ಜಗಲಿಯ ಎದುರು ಕೂತೇ ಇದ್ದಳು. ಒಂದು ವರ್ಷದಿಂದ ಅವಳು ನಂಬರು ಓದಿ ಹೇಳಿದ್ದಳು. ಗಂಡನನ್ನು ಕೊಂದ ಕಂಪನಿಯ ಷೇರು ಕೊಂಡಿದ್ದಳು, ಮಾರಿದ್ದಳು. ಪ್ರತಿ ಸಲವೂ ರೊಟ್ಟಿ ಪಲ್ಯ ಮಾಡಿ ಹಬ್ಬ ಮಾಡಿದ್ದಳು. ಮೋರಿಯ ಹತ್ತಿರ ಹೋಗಿ ವಾಂತಿ ಮಾಡಿದಳು.

"ಅವ್ವಾ, ಛೋಡ್ ನಾ. ಫೋನ್ ಬಂದ್ ಕರ್ ದೇ" ಬಿಟ್ಟುಬಿಡು, ಫೋನು ಆರಿಸಿಬಿಡು ಎಂದು ಜ್ಯೋತಿ ಅಳುತ್ತಾ ಹೇಳಿದಳು. ಇಲ್ಲೇ ಹುಟ್ಟಿದವಳು. ಕನ್ನಡ ತಿಳಿಯುತ್ತಿತ್ತು, ನಾಲಗೆಗೆ ಬರುತ್ತಿದ್ದದ್ದು ಹಿಂದಿ.

"ಬ್ಯಾಡ. ಇರಲಿ" ಎಂದಳು ದಾನಮ್ಮ. ಅವಳಿಗೆ ಇನ್ನೊಂದು ವಿಷಯ ತಿಳಿಯಬೇಕಿತ್ತು. ಅದು ತಿಳಿಯದೆ ಅವಳಿಗೆ ನಿದ್ದೆ ಇರಲಿಲ್ಲ.

ಎರಡು ದಿನ ಬಿಟ್ಟು ಕೌಶಲ್ ಬಂದ. ಅನಘ ಬಂದು ಹೋದ ಸುದ್ದಿ ಅವನಿಗೆ ಮುಟ್ಟಿತ್ತು. ಕೈಯಲ್ಲಿ ಸೇಬಿನ ಚೀಲ, ಮುಖದಲ್ಲಿ ಬೆವರು.

"ಅಕ್ಕ, ಬಂದವಳು ಎಂಥದಾದ್ರೂ ಹೇಳಿರಬಹುದು. ಅವರಿಗೆ ಸಾಹೇಬ್ರ ಮೇಲೆ ಹೊಟ್ಟೆಕಿಚ್ಚು ಉಂಟು" ಎಂದ. "ಈ ಗುರುವಾರ ಒಂದೇ ಸಲ. ನಾನೂ ನಿಮ್ಮಿಂದ ಮತ್ತೆ ಕೇಳುದಿಲ್ಲ. ಸಂಜೆ ಕಮಿಟಿಯ ಮೀಟಿಂಗ್. ಮಧ್ಯಾಹ್ನದೊಳಗೆ ನಂಬರು ಕೊಡಿ. ಶುಕ್ರವಾರ ನಿಮ್ಮ ಗಂಡನ ಮರಣದ ದಾಖಲೆ ನಾನೇ ತಂದು ನಿಮ್ಮ ಕೈಯಲ್ಲಿ ಇಡ್ತೇನೆ. ಪರಿಹಾರ ಕೂಡ. ದೇವರಾಣೆ ಅಕ್ಕ."

ಒಂದು ವರ್ಷದಿಂದ ಅವಳು ಬೇಡಿದ್ದು ಅದನ್ನೇ. ವಾರ್ಡ್ ಆಫೀಸಿನ ಮೆಟ್ಟಿಲ ಮೇಲೆ ಕೂತು ಬೇಡಿದ್ದು ಅದನ್ನೇ. ಒಂದು ನಂಬರು ಓದಿದರೆ ಜಟ್ಟೆಪ್ಪ ಸಾಯುತ್ತಾನೆ. ಬೇಡ ಅನ್ನಲು ಅವಳ ಬಾಯಿ ಆ ಕ್ಷಣಕ್ಕೆ ಏಳಲಿಲ್ಲ. ಹೌದು ಅನ್ನಲೂ ಏಳಲಿಲ್ಲ.

"ಕೌಶಲಣ್ಣಾರ, ಒಂದು ಮಾತು ಕೇಳ್ಲೇನು?" ಎಂದಳು ಮೆಲ್ಲಗೆ. "ಅವತ್ತ ನೀವು ಅವನ ಕೈ ಹಿಡಕೊಂಡಿದ್ರಿ. ಕೈ ಬೆಚ್ಚಗಿತ್ತೋ, ತಣ್ಣಗಾಗಿತ್ತೋ?"

"ಬೆಚ್ಚಗೆ ಇತ್ತು ಅಕ್ಕ. ತಣ್ಣಗಾದ್ರೆ ಫೋನು ಹೆಬ್ಬೆಟ್ಟು ತಗೊಳ್ಳುದಿಲ್ಲ ಅಲ್ವಾ..."

ಅಲ್ಲಿಗೆ ಅವನ ಮಾತು ನಿಂತಿತು. ತಾನು ಏನು ಹೇಳಿದೆ ಎಂದು ಅವನಿಗೆ ಆಮೇಲೆ ತಿಳಿಯಿತು. ಸೇಬಿನ ಚೀಲ ನೆಲಕ್ಕಿಟ್ಟ.

ದಾನಮ್ಮ ಅವನನ್ನು ನೋಡಿದಳು. ಬೆಚ್ಚಗಿತ್ತು. ನೀರು ಕೇಳಿದ ಬಾಯಿ ಇನ್ನೂ ಇತ್ತು. ಕ್ರೇನು ಗೇಟಿನಲ್ಲಿತ್ತು. ಅವಳ ಕೈಯಲ್ಲಿ ನೀರಿತ್ತು. ಷೇರು ಮಾರಿ ಮುಗಿಯುವ ತನಕ ಎಲ್ಲವನ್ನೂ ನಿಲ್ಲಿಸಿದ್ದರು.

"ಗುರುವಾರ ನಾನೇ ಫೋನ್ ತಗೊಂಡು ಆಫೀಸಿಗೆ ಬರ್ತೀನಿ" ಎಂದಳು. "ಇಲ್ಲಿ ಕರೆಂಟು ಹೋಗ್ತೈತಿ. ಅಲ್ಲೇ ನೋಡಿ ಹೇಳ್ತೀನಿ."

ಕೌಶಲ್‌ಗೆ ಹೋದ ಜೀವ ಬಂದಂತಾಯಿತು. ಕೈ ಮುಗಿದು ಹೋದ.

ಅಂದು ಸಂಜೆ ಅವಳು ಮರಗಮ್ಮನ ಬಾಗಿಲಿಗೆ ಹೋದಳು.

"ಮರಗವ್ವಾ, ನನ್ನ ಗಂಡ ಊರಾಗ ಇಲ್ಲ. ಹ್ವಾದ ವರ್ಷನೇ ಸತ್ತಾನ. ಅವನ್ನ ಜೀವ ಇದ್ದಾಗ ಬಿಟ್ಟು ನಿಂತ್ರು. ನಾನು ಇನ್ನೂ ಅತ್ತಿಲ್ಲ."

ಮರಗಮ್ಮ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಎದ್ದು ಬಂದು ಹಿಟ್ಟಿನ ಕೈಯಲ್ಲೇ ದಾನಮ್ಮನ ಕೈ ಹಿಡಿದಳು.

"ಎಲ್ಲಿ ಅಳೂನು ಹೇಳು" ಎಂದಳು.

ಗುರುವಾರ ಆಮದಾರರ ಆಫೀಸಿನಲ್ಲಿ ಜನ ತುಂಬಿದ್ದರು. ವಾರಕ್ಕೊಮ್ಮೆ ಸಾಹೇಬರು ಜನರ ಕಷ್ಟ ಕೇಳುವ ದಿನ. ನೀರಿಲ್ಲದವರು, ರೇಶನ್ ಇಲ್ಲದವರು, ಮಗನಿಗೆ ಕೆಲಸ ಇಲ್ಲದವರು ಅಂಗಳದ ಶಾಮಿಯಾನದ ಕೆಳಗೆ ಕೂತಿದ್ದರು. ದಾನಮ್ಮ ಬಂದಳು. ಹಿಂದೆ ಜ್ಯೋತಿ, ಮರಗಮ್ಮ, ಚಾಳಿನ ಕನ್ನಡದ ಹೆಂಗಸರು. ಎಲ್ಲರೂ ಒಂದು ದಿನದ ಕೂಲಿ ಬಿಟ್ಟು ಬಂದವರು. ಜ್ಯೋತಿ ಫೋನು ಮಾಡಿದ್ದರಿಂದ ಅನಘ ಬಂದು ಗೇಟಿನ ಹತ್ತಿರ ನಿಂತಿದ್ದಳು.

ಕೌಶಲ್ ಗಾಜಿನ ಬಾಗಿಲು ತೆಗೆದುಕೊಂಡು ಓಡಿ ಬಂದ.

"ಒಬ್ಬರೇ ಬನ್ನಿ ಅಂದ್ರೆ ಇಷ್ಟು ಜನ ಯಾಕೆ ಮಾರಾಯ್ತಿ? ಇರಲಿ, ಫೋನು ಕೊಡಿ. ನಂಬರು ಈಗ ಬರ್ತದೆ."

ದಾನಮ್ಮ ಫೋನನ್ನು ಎದೆಗೆ ಒತ್ತಿಕೊಂಡಳು.

"ನಂಬರು ಕೊಡೂದಿಲ್ಲ."

"ಎಂಥ? ಅಕ್ಕ, ಶುಕ್ರವಾರ ಕಾಗದ..."

"ನಿನ್ನ ಕಾಗದ ಬ್ಯಾಡ. ನಿನಗ ಬೇಕಾಗಿದ್ದು ಅವನ ಹೆಬ್ಬಟ್ಟು ಅಲ್ಲೇನು? ಸಿಂದಗಿ ಕಡೆ ನಮ್ಮ ಹೊಲದಾಗ ಹೂತೀವಿ. ಹೋಗು. ಅಗದು ತಗೊಂಡು ಬಾ. ಬೆಚ್ಚಗ ಐತೇನು ನೋಡು!"

ಒಂದು ವರ್ಷ ಅಣ್ಣಾರ ಎಂದು ಕರೆದವಳು ಮೊದಲ ಸಲ ಅವನನ್ನು ನೀನು ಅಂದಿದ್ದಳು. ಅವನು ಫೋನಿಗೆ ಕೈ ಹಾಕಿದ. ಮರಗಮ್ಮ ನಡುವೆ ಬಂದು ನಿಂತಳು. ಅವನ ಕೈ ಹಿಂದಕ್ಕೆ ಹೋಯಿತು.

ದಾನಮ್ಮ ಅಂಗಳದ ನಡುವೆ ಕೂತಳು. ಫೋನನ್ನು ಮುಂದೆ ನೆಲದ ಮೇಲೆ ಇಟ್ಟಳು. ತುರುಬು ಬಿಚ್ಚಿದಳು. ಸಿಮೆಂಟು ಹತ್ತಿದ ಕೂದಲು ಹೆಗಲ ಮೇಲೆ ಬಿತ್ತು, ನಡುನೆತ್ತಿಯ ಬೋಳು ಎಲ್ಲರಿಗೂ ಕಂಡಿತು. ಹೆಂಗಸರು ಸುತ್ತ ಕೂತರು. ಅವಳ ಬಾಯಿಂದ ಮೊದಲು ಸ್ವರವೇ ಹೊರಡಲಿಲ್ಲ. ಆಮೇಲೆ ಬಂತು. ಅಂಗಳದಲ್ಲಿದ್ದವರೆಲ್ಲ ಎದ್ದು ನಿಂತರು.

"ನನ್ನ ಜಟ್ಟೆಪ್ಪಾ... ಕೇಳೋ ನನ್ನ ರಾಜಾ...
ಭಿವಂಡಿ ಗೋದಾಮದಾಗ ಹಸಿ ಮಾಳಿಗಿ ಬಿತ್ತಲ್ಲೋ...
ನೀರು ಅಂತ ಕೇಳಿದ್ಯಲ್ಲೋ, ನೀರು ನನ್ನ ಕೈಯಾಗೇ ಉಳೀತಲ್ಲೋ...
ಕ್ರೇನು ಬಾಗಿಲಾಗ ನಿಂತಿತ್ತಲ್ಲೋ, ಯಾರೂ ಕರೀಲಿಲ್ಲೋ...
ಬಿಳಿ ಅಂಗಿಯಂವ ಬಂದು ನಿನ್ನ ಹೆಬ್ಬಟ್ಟು ಹಿಡದಾನಲ್ಲೋ...
ನಿನ್ನ ಜೀವ ಇರೂತನಕ ಷೇರು ಮಾರ್ಯಾನಲ್ಲೋ...
ಸತ್ತಿ ನನ್ನಪ್ಪಾ, ನೀ ಸತ್ತಿ... ಇನ್ನ ಬರಬ್ಯಾಡೋ, ಯಾರು ಕರದ್ರೂ ಬರಬ್ಯಾಡೋ..."

ಮರಗಮ್ಮ ಸ್ವರ ಕೂಡಿಸಿದಳು. ಉಳಿದವರು ಕೂಡಿಸಿದರು. ಜ್ಯೋತಿ ಎದ್ದು ನಿಂತು ಪ್ರತಿ ಸಾಲನ್ನೂ ಮರಾಠಿಯಲ್ಲಿ ಅಂಗಳಕ್ಕೆ ಹೇಳತೊಡಗಿದಳು. ನೀರಿಗೆ ಬಂದವರು, ರೇಶನ್ನಿಗೆ ಬಂದವರು ಹತ್ತಿರ ಬಂದರು. ಗೇಟಿನ ಹತ್ತಿರ ಅನಘ ಎಲ್ಲವನ್ನೂ ಫೋನಿಗೆ ತುಂಬಿಕೊಳ್ಳುತ್ತಿದ್ದಳು. ಅದರಿಂದ ಮುಂದೆ ಏನಾಗುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ.

ನೆಲದ ಮೇಲಿನ ಫೋನು ಟಿಣ್ ಅಂದಿತು. ನಂಬರು ಬಂದಿತ್ತು. ಯಾರೂ ಓದಲಿಲ್ಲ. ಕೌಶಲ್ ಕುತ್ತಿಗೆ ಉದ್ದ ಮಾಡಿ ನೋಡಿದ. ದಾನಮ್ಮ ಫೋನನ್ನು ಮಗುಚಿ ಹಾಕಿ ಅದರ ಮೇಲೆ ಅಂಗೈ ಇಟ್ಟಳು. ಮತ್ತೆ ಟಿಣ್ ಅಂದಿತು. ಮತ್ತೆ ಅಂದಿತು. ಅವಳ ಅಂಗೈಗೆ ಅದು ನಡುಗುವುದು ತಿಳಿಯುತ್ತಿತ್ತು. ಅವಳು ಕೈ ತೆಗೆಯಲಿಲ್ಲ.

ಸದ್ದು ಕೇಳಿ ಆಮದಾರ ಸಾಹೇಬರು ಹೊರಗೆ ಬಂದರು. ಹೆಂಗಸರು ತಲೆ ಬಿಚ್ಚಿ ಅಳುತ್ತಿದ್ದದ್ದನ್ನು ಕಂಡು ಅವರ ಕೈಗಳು ತಾವಾಗಿಯೇ ಜೋಡಿಕೊಂಡವು. ಸಾವಿನ ಮನೆಗಳಿಗೆ ಹೋಗಿ ರೂಢಿಯಾದ ಕೈಗಳು. ಮುಖವನ್ನೂ ಸಣ್ಣಗೆ ಮಾಡಿಕೊಂಡರು.

"ಯಾರು ತೀರಿಕೊಂಡರು?" ಎಂದು ಮರಾಠಿಯಲ್ಲಿ ಕೇಳಿದರು.

"ಜಟ್ಟೆಪ್ಪ" ಎಂದಳು ಜ್ಯೋತಿ, ಅಂಗಳಕ್ಕೆಲ್ಲ ಕೇಳುವಂತೆ, ಅವರದೇ ಮರಾಠಿಯಲ್ಲಿ. "ನಿಮ್ಮ ಷೇರುಗಳ ಮಾಲೀಕ."

ಸಾಹೇಬರ ಕೈಗಳು ಜೋಡಿಸಿದ ಹಾಗೇ ಉಳಿದವು. ಬಿಡಿಸಿದರೂ ತಪ್ಪು, ಬಿಡಿಸದಿದ್ದರೂ ತಪ್ಪು. ಕೌಶಲ್ ಅವರ ಕಿವಿಗೆ ಏನೋ ಹೇಳಲು ಹೋದ. ಅವರು ಅವನ ಮುಖ ನೋಡಲಿಲ್ಲ.

ಜ್ಯೋತಿ ಅವ್ವನ ಪಕ್ಕ ಕೂತಳು. ಕೂದಲಿನ ರಬ್ಬರು ಕಿತ್ತಳು. ಹಿಂದಿಯ ನಾಲಗೆಯ ಹುಡುಗಿ, ಮಾಲ್‌ನಲ್ಲಿ ಬಿಲ್ಲು ಕೊಟ್ಟು ಥ್ಯಾಂಕ್ಯೂ ಅನ್ನುವ ಹುಡುಗಿ, ಎದೆ ಬಡಿದುಕೊಂಡು "ಅಪ್ಪಾ, ಸತ್ತ್ಯಲ್ಲೋ ಅಪ್ಪಾ" ಎಂದು ಕೂಗಿದಳು.

ಅವರು ಮಧ್ಯಾಹ್ನ ಇಳಿಯುವ ತನಕ ಅತ್ತರು. ಅಳುವಿನ ನಡುವೆ ದಾನಮ್ಮನ ಅಂಗೈ ಕೆಳಗೆ ಫೋನು ಕೊನೆಯ ಸಲ ನಡುಗಿತು, ಆರಿತು. ಆಫೀಸಿನ ಗೋಡೆಯಲ್ಲಿ, ನಾಲ್ಕು ಹೆಜ್ಜೆ ದೂರದಲ್ಲೇ, ಒಂದು ಪ್ಲಗ್ಗು ಇತ್ತು. ಚಾರ್ಜರ್ ಜ್ಯೋತಿಯ ಚೀಲದಲ್ಲಿತ್ತು. ದಾನಮ್ಮ ಕೇಳಲಿಲ್ಲ.